ಕಡಲು ದಾಟುವ ನಾಟಕ, ದಡದಲ್ಲೇ ಉಳಿಯುವ ನಟ

(ಕನಕಪುರದಲ್ಲಿ ಹವ್ಯಾಸಿ ಕಲಾವಿದರು ಹಾಗೂ ರಂಗಾಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)



'ಕುರುಕ್ಷೇತ್ರ' ನಾಟಕ ಆಡದ ಊರು ನಮ್ಮ ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ಸೀಮೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಆ ನಾಟಕ ಶುರುವಾಗುವುದು ರಂಗದ ಮೇಲಲ್ಲ, ಪಾತ್ರ ಹಂಚುವ ದಿನ ಎಂಬುದು ನಿಮಗೆಲ್ಲ ಗೊತ್ತು. ದುರ್ಯೋಧನನ ಪಾತ್ರಕ್ಕೆ ಇಷ್ಟು, ಕೃಷ್ಣನಿಗೆ ಇಷ್ಟು, ಭೀಮನಿಗೆ ಇಷ್ಟು ಎಂದು ಹಣ ನಿಗದಿಯಾಗುತ್ತದೆ. ಕೃಷ್ಣನಾಗುವ ಆಸೆ ಇಬ್ಬರು ಮೂವರಿಗೆ ಇದ್ದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ದೇವರನ್ನೇ ಹಂಚುತ್ತೇವೆ. ಆ ಹಣದಿಂದಲೇ ಸೀನರಿ ಬರಬೇಕು, ಮೇಷ್ಟ್ರ ಸಂಭಾವನೆ ಸಲ್ಲಬೇಕು, ಧ್ವನಿವರ್ಧಕ, ದೀಪ, ಹೊರಗಿನಿಂದ ಬರುವ ಸ್ತ್ರೀ ಪಾತ್ರಧಾರಿಗಳ ಗೌರವಧನ ಎಲ್ಲವೂ ನಡೆಯಬೇಕು. ಇಲ್ಲಿ ನಟ ಹಣ ಕೊಟ್ಟು ಪಾತ್ರ ಮಾಡುತ್ತಾನೆ.

ಲಂಡನ್ ಅಥವಾ ನ್ಯೂಯಾರ್ಕ್ ನಗರದಲ್ಲಿ ಇದು ತಿರುಗುಮುರುಗು. ಅಲ್ಲಿ ನಟನಿಗೆ ಹಣ ಕೊಟ್ಟು ಪಾತ್ರ ಮಾಡಿಸುತ್ತಾರೆ. ಆದರೂ ಪಾತ್ರ ಯಾರಿಗೆ ಸೇರಬೇಕು ಎಂಬ ಜಗಳ ಅಲ್ಲಿಯೂ ತಪ್ಪಿದ್ದಲ್ಲ. ಅದರಲ್ಲೂ ಒಂದು ಊರಿನಲ್ಲಿ ಗೆದ್ದ ಸಂಗೀತ ನಾಟಕ ಕಡಲು ದಾಟಿ ಇನ್ನೊಂದು ದೇಶಕ್ಕೆ ಹೊರಟಾಗ ಆ ಜಗಳ ಪತ್ರಿಕೆಯ ಮುಖಪುಟಕ್ಕೇ ಬಂದದ್ದುಂಟು. ಮೊದಲ ಊರಿನಲ್ಲಿ ಪಾತ್ರಕ್ಕೆ ಜೀವ ತುಂಬಿದ ನಟ ಜೊತೆಗೆ ಹೋಗುತ್ತಾನೆಯೇ? ಹೋಗದಿದ್ದರೆ ಆ ಜಾಗಕ್ಕೆ ಯಾರು? ನಟ ಬದಲಾದ ಮೇಲೂ ಅದು ಅದೇ ನಾಟಕವೇ? ಇವತ್ತಿನ ಮಾತು ಇದರ ಬಗ್ಗೆ. ದೂರದ ಕಥೆ ಎನ್ನಿಸಬಹುದು. ಆದರೆ ಅದು ಕೊನೆಗೆ ಬಂದು ನಿಲ್ಲುವುದು ನಮ್ಮ ಊರಿನ ಚಪ್ಪರದ ಕೆಳಗೇ.

ಪೆಟ್ಟಿಗೆಯಲ್ಲಿ ಹೋಗುವುದು ಏನು?

ಮೊದಲು ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ. ಲಂಡನ್ನಿನ ವೆಸ್ಟ್ ಎಂಡ್, ನ್ಯೂಯಾರ್ಕಿನ ಬ್ರಾಡ್‌ವೇ ಇವೆರಡೂ ನಾಟಕ ಮಂದಿರಗಳ ಬೀದಿಗಳು. ಅಲ್ಲಿನ ಸಂಗೀತ ನಾಟಕ ಸಾಮಾನ್ಯವಾಗಿ ವಾರಕ್ಕೆ ಎಂಟು ಪ್ರದರ್ಶನ ಕಾಣುತ್ತದೆ. ಜನ ಬರುವವರೆಗೂ ಅದೇ ನಾಟಕ, ಅದೇ ಮಂದಿರ. ಕೆಲವು ದಶಕಗಳೇ ನಡೆಯುತ್ತವೆ. 1986ರಲ್ಲಿ ಲಂಡನ್ನಿನಲ್ಲಿ ಆರಂಭವಾದ 'ದಿ ಫ್ಯಾಂಟಮ್ ಆಫ್ ದಿ ಆಪೆರಾ' 1988ರ ಜನವರಿಯಲ್ಲಿ ಬ್ರಾಡ್‌ವೇಗೆ ಬಂತು. 2023ರ ಏಪ್ರಿಲ್‌ನಲ್ಲಿ ಅಲ್ಲಿ ಮಂಗಳ ಹಾಡುವ ಹೊತ್ತಿಗೆ 13,981 ಪ್ರದರ್ಶನ ಮುಗಿಸಿತ್ತು. ಒಬ್ಬನೇ ನಟ ಅಷ್ಟು ದಿನ ಹಾಡಲು ಸಾಧ್ಯವೇ? ಹಾಗಾಗಿ ನಟರು ಬದಲಾಗುವುದು ಅಲ್ಲಿ ಅಪವಾದವಲ್ಲ, ವ್ಯವಸ್ಥೆಯ ಒಂದು ಭಾಗ.

ಇಂಥ ನಾಟಕ ಇನ್ನೊಂದು ದೇಶಕ್ಕೆ ಹೊರಟಾಗ ಪೆಟ್ಟಿಗೆ ಸೇರುವುದು ರಂಗಸಜ್ಜಿಕೆಯ ನಕ್ಷೆ, ಉಡುಪಿನ ವಿನ್ಯಾಸ, ಸಂಗೀತದ ಸ್ವರಲಿಪಿ, ಕುಣಿತದ ಹೆಜ್ಜೆಗಳ ದಾಖಲೆ, ಯಾವ ಮಾತಿಗೆ ಯಾವ ದೀಪ ಎಂಬ ಪಟ್ಟಿ. ಜೊತೆಗೆ ನಿರ್ದೇಶಕ ಅಥವಾ ಆತನ ಸಹಾಯಕ, ನೃತ್ಯ ಹೇಳಿಕೊಡುವವರು, ಸಂಗೀತ ನಡೆಸುವವರು. ಹೊಸ ದೇಶದಲ್ಲಿ ಹೊಸ ನಟರನ್ನು ಆರಿಸಿ, ಅವರಿಗೆ ಇದನ್ನೆಲ್ಲ ಕಲಿಸುತ್ತಾರೆ. ಹಾಡುವವರ ಕಂಠಕ್ಕೆ ತಕ್ಕಂತೆ ಶ್ರುತಿ ಏರಿಸುವುದು, ಇಳಿಸುವುದು ಇದ್ದೇ ಇರುತ್ತದೆ.

ಇದು ನಿಮಗೆ ಹೊಸದಲ್ಲ. ಒಂದೇ ಮೇಷ್ಟ್ರು ಈ ವರ್ಷ ಒಂದು ಊರಿನವರಿಗೆ 'ಕುರುಕ್ಷೇತ್ರ' ಕಲಿಸುತ್ತಾರೆ, ಮುಂದಿನ ವರ್ಷ ಪಕ್ಕದ ಊರಿನವರಿಗೆ. ನಾಟಕ ಅದೇ, ರಂಗಗೀತೆ ಅದೇ, ಕಂದ ಅದೇ, ವೃತ್ತ ಅದೇ. ಆ ಊರಿನ ಕರ್ಣನಿಗೆ ಕರಿ ಒಂದರಲ್ಲಿ ಹಿಡಿದ ಹಾಡನ್ನು ಈ ಊರಿನ ಕರ್ಣನಿಗೆ ಬಿಳಿ ಎರಡಕ್ಕೆ ಹಾಕಿಕೊಡುತ್ತಾರೆ. ಊರಿಂದ ಊರಿಗೆ ಹೋಗುವುದು ಮೇಷ್ಟ್ರು ಮತ್ತು ಹಾರ್ಮೋನಿಯಂ ಪೆಟ್ಟಿಗೆ. ನಟರು ಆಯಾ ಊರಿನವರು. ಬ್ರಾಡ್‌ವೇ ಮಾಡುವುದನ್ನು ದೊಡ್ಡ ಬಂಡವಾಳವಿಲ್ಲದೆ ನಮ್ಮ ಮೇಷ್ಟ್ರುಗಳು ಬಹಳ ಹಿಂದಿನಿಂದ ಮಾಡುತ್ತ ಬಂದಿದ್ದಾರೆ.

ಹಾಲು ಮಾರುವವನ ಪಯಣ

ನಟ ಬದಲಾದರೆ ನಾಟಕ ಸೊರಗುತ್ತದೆ ಎಂಬ ಭಯ ಸಹಜ. ಸೊರಗದೆ ಬೆಳೆದ ನಾಟಕವೂ ಇದೆ ಎನ್ನುವುದಕ್ಕೆ 'ಫಿಡ್ಲರ್ ಆನ್ ದಿ ರೂಫ್' ಒಳ್ಳೆಯ ಉದಾಹರಣೆ. ಯಿಡ್ಡಿಶ್ ಭಾಷೆಯ ಲೇಖಕ ಶೋಲೆಮ್ ಅಲೈಖೆಮ್ ಅವರ ಕಥೆಗಳನ್ನು ಆಧರಿಸಿ ಜೋಸೆಫ್ ಸ್ಟೈನ್ ಬರೆದ ಸಂಗೀತ ನಾಟಕ ಇದು. ಸಂಗೀತ ಜೆರ್ರಿ ಬಾಕ್ ಅವರದು, ಗೀತೆಗಳು ಶೆಲ್ಡನ್ ಹಾರ್ನಿಕ್ ಅವರವು. ಝಾರ್ ದೊರೆಗಳ ಕಾಲದ ರಷ್ಯಾದ ಹಳ್ಳಿಯೊಂದರಲ್ಲಿ ಹಾಲು ಮಾರುವ ಬಡ ಯಹೂದಿ ತೆವ್ಯೆ, ಅವನ ಹೆಂಡತಿ, ಐವರು ಹೆಣ್ಣುಮಕ್ಕಳು. ದೊಡ್ಡವರು ಮೂವರೂ ಅಪ್ಪ ಹಾಕಿದ ಗೆರೆಯನ್ನು ಒಂದೊಂದು ಹೆಜ್ಜೆ ಮುಂದೆ ದಾಟಿ ಮದುವೆಯಾಗುತ್ತಾರೆ. ಕೊನೆಗೆ ಸರ್ಕಾರದ ಆಜ್ಞೆ ಬಂದು ಇಡೀ ಊರೇ ಗಂಟುಮೂಟೆ ಕಟ್ಟಬೇಕಾಗುತ್ತದೆ.

1964ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಇದು ರಂಗಕ್ಕೆ ಬಂದಾಗ ತೆವ್ಯೆಯಾಗಿದ್ದವರು ಝೀರೋ ಮೋಸ್ಟೆಲ್. ಭಾರೀ ದೇಹ, ಕಣ್ಣಲ್ಲೇ ನಗಿಸುವ ಹಾಸ್ಯನಟ. ಆತನಿಲ್ಲದೆ ಆ ಪಾತ್ರವೇ ಇಲ್ಲ ಎನ್ನುವಷ್ಟು ಹೆಸರು. ಆದರೆ ಒಂದು ವರ್ಷ ತುಂಬುವ ಮೊದಲೇ ಅವರು ನಾಟಕ ಬಿಟ್ಟರು. ನಾಟಕ ನಿಲ್ಲಲಿಲ್ಲ. ಬೇರೆ ಬೇರೆ ತೆವ್ಯೆಗಳೊಡನೆ ಬ್ರಾಡ್‌ವೇಯಲ್ಲಿ 3,242 ಪ್ರದರ್ಶನ ಕಂಡಿತು.

1967ರ ಫೆಬ್ರವರಿಯಲ್ಲಿ ಅದು ಲಂಡನ್ನಿಗೆ ಬಂತು. ಅಲ್ಲಿ ತೆವ್ಯೆಯಾದವರು ಇಸ್ರೇಲಿನ ಹೈಮ್ ಟೊಪೋಲ್. ಟೆಲ್ ಅವೀವ್‌ನಲ್ಲಿ ಹೀಬ್ರೂ ಭಾಷೆಯಲ್ಲಿ ಈ ಪಾತ್ರ ಮಾಡಿ ಬಂದಿದ್ದ ಅವರಿಗೆ ಆಗ 31 ವರ್ಷ. ಐದು ಹೆಣ್ಣುಮಕ್ಕಳ ಮುದಿ ತಂದೆಯಾಗಿ ಅವರು ಲಂಡನ್ನನ್ನು ಎಷ್ಟು ಗೆದ್ದರೆಂದರೆ, 1971ರಲ್ಲಿ ನಾರ್ಮನ್ ಜ್ಯೂಯಿಸನ್ ಇದನ್ನು ಚಲನಚಿತ್ರ ಮಾಡಿದಾಗ ಆ ಪಾತ್ರ ಹೋದದ್ದು ಮೊದಲು ಮಾಡಿದ ಮೋಸ್ಟೆಲ್‌ಗೆ ಅಲ್ಲ, ಟೊಪೋಲ್‌ಗೆ. 2023ರಲ್ಲಿ ತೀರಿಕೊಳ್ಳುವವರೆಗೂ ಜಗತ್ತು ಅವರನ್ನು ತೆವ್ಯೆ ಎಂದೇ ನೆನೆಯಿತು.

ಅದೇ 1967ರಲ್ಲಿ ನಾಟಕ ಟೋಕಿಯೊ ತಲುಪಿತು. ನಟರು ಜಪಾನೀಯರು, ಭಾಷೆ ಜಪಾನಿ. ತೆವ್ಯೆ ಪಾತ್ರದಲ್ಲಿ ಹಿಸಾಯಾ ಮೊರಿಶಿಗೆ. ಜೋಸೆಫ್ ಸ್ಟೈನ್ ಮುಂದೆ ಅನೇಕ ಸಲ ಹೇಳಿಕೊಂಡ ಸಂಗತಿಯೊಂದಿದೆ. ಟೋಕಿಯೊದಲ್ಲಿ ನಾಟಕ ಆಡಿಸುತ್ತಿದ್ದ ನಿರ್ಮಾಪಕ ಅವರನ್ನು, ಅಮೆರಿಕದವರಿಗೆ ಈ ನಾಟಕ ಅರ್ಥವಾಗುತ್ತದೆಯೇ, ಇದು ಪೂರ್ತಿ ಜಪಾನಿನ ಕಥೆಯಲ್ಲವೇ ಎಂದು ಕೇಳಿದನಂತೆ! ಅಪ್ಪ ನೋಡಿದ ಗಂಡನ್ನು ಮಗಳು ಒಪ್ಪದಿರುವ ಕಥೆ ಯಾವ ದೇಶದ್ದು ತಾನೇ ಅಲ್ಲ? ನಟ ಹೋಗಲಿಲ್ಲ, ಭಾಷೆ ಹೋಗಲಿಲ್ಲ. ಆದರೂ ನಾಟಕ ಹೋಯಿತು. ಒಂದು ಪಾತ್ರ ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ ಅದನ್ನು ಎರಡನೆಯವನು ಮಾಡಬೇಕು ಎಂದೇ ನನಗೆ ತೋರುತ್ತದೆ.

ಸಂಘದ ಬಾಗಿಲು

ಆದರೆ ಎಲ್ಲ ಬದಲಾವಣೆಯೂ ಕಲೆಯ ಕಾರಣಕ್ಕೆ ಆಗುವುದಿಲ್ಲ. ಹೊಟ್ಟೆಪಾಡಿನ ಕಾರಣವೂ ಇದೆ. ಅಮೆರಿಕದ ರಂಗನಟರಿಗೆ 'ಆಕ್ಟರ್ಸ್ ಈಕ್ವಿಟಿ' ಎಂಬ ಕಾರ್ಮಿಕ ಸಂಘವಿದೆ. ಬ್ರಿಟನ್ನಿನ ನಟರಿಗೂ ಅವರದೇ ಈಕ್ವಿಟಿ ಇದೆ. ಹೊರದೇಶದ ನಟ ಬಂದು ಪಾತ್ರ ಮಾಡಿದರೆ ಇಲ್ಲಿಯ ಒಬ್ಬ ನಟನ ಅನ್ನ ಹೋಯಿತು ಎಂಬುದು ಸಂಘಗಳ ವಾದ. ಜಗತ್ತೇ ಬಲ್ಲ ತಾರೆ ಎಂದು ತೋರಿಸಿದರೆ ಅಥವಾ ಆ ಪಾತ್ರವನ್ನು ಇನ್ನಾರೂ ಮಾಡಲಾರರು ಎಂದು ಒಪ್ಪಿಸಿದರೆ ವಿನಾಯಿತಿ ಸಿಗುವುದುಂಟು.

ಇದರ ಫಲ ಹೇಗಿತ್ತು ನೋಡಿ. ಅರ್ಜೆಂಟೀನಾದ ಅಧ್ಯಕ್ಷ ಪೆರೋನ್‌ನ ಹೆಂಡತಿಯ ಕಥೆಯಾದ 'ಎವಿಟಾ' 1978ರಲ್ಲಿ ಲಂಡನ್ನಿನಲ್ಲಿ ಗೆದ್ದಾಗ ನಾಯಕಿ ಎಲೇನ್ ಪೇಜ್ ರಾತ್ರೋರಾತ್ರಿ ತಾರೆಯಾದರು. ಮರುವರ್ಷ ಬ್ರಾಡ್‌ವೇಗೆ ಹೋದದ್ದು ನಾಟಕ ಮಾತ್ರ. ಅಲ್ಲಿ ಎವಿಟಾ ಆದವರು ಅಮೆರಿಕದ ಪ್ಯಾಟಿ ಲುಪೋನ್. ವಿಧಿಯಾಟ ಎನ್ನಬೇಕು, 1993ರಲ್ಲಿ 'ಸನ್‌ಸೆಟ್ ಬುಲೆವಾರ್ಡ್' ಎಂಬ ನಾಟಕದ ನಾಯಕಿಯ ಪಾತ್ರವನ್ನು ಲಂಡನ್ನಿನಲ್ಲಿ ಮೊದಲು ಮಾಡಿದವರು ಇದೇ ಲುಪೋನ್. 1994ರಲ್ಲಿ ಅದು ನ್ಯೂಯಾರ್ಕಿಗೆ ಬಂದಾಗ ಪಾತ್ರ ಗ್ಲೆನ್ ಕ್ಲೋಸ್ ಎಂಬ ನಟಿಯ ಪಾಲಾಯಿತು. ಬ್ರಾಡ್‌ವೇ ಪಾತ್ರದ ಭರವಸೆಯಿದ್ದ ಲುಪೋನ್ ಪರಿಹಾರದ ಹಣ ಪಡೆದು ಹಿಂದೆ ಸರಿಯಬೇಕಾಯಿತು. ಹದಿನೈದು ವರ್ಷದ ಹಿಂದೆ ಯಾವ ಬಾಗಿಲಿನಿಂದ ಅವರು ಒಳಗೆ ಬಂದಿದ್ದರೋ ಅಂಥದೇ ಬಾಗಿಲಿನಿಂದ ಈ ಸಲ ಹೊರಗೆ ಹೋದರು.

'ಫ್ಯಾಂಟಮ್' ನಾಟಕ ನ್ಯೂಯಾರ್ಕಿಗೆ ಹೊರಟಾಗಲೂ ಇದೇ ರಗಳೆ. ಸಂಗೀತ ಸಂಯೋಜಕ ಆಂಡ್ರ್ಯೂ ಲಾಯ್ಡ್ ವೆಬ್ಬರ್ ಅವರ ಆಗಿನ ಪತ್ನಿ ಸಾರಾ ಬ್ರೈಟ್‌ಮನ್ ನಾಯಕಿ. ಆಕೆ ಬರಕೂಡದು ಎಂದಿತು ಅಮೆರಿಕದ ಸಂಘ. ಆಕೆಯಿಲ್ಲದೆ ನಾಟಕವಿಲ್ಲ ಎಂದರು ವೆಬ್ಬರ್. ಕೊನೆಗೆ ಒಪ್ಪಂದವಾಯಿತು: ಲಂಡನ್ನಿನ ತಮ್ಮ ಮುಂದಿನ ನಾಟಕದಲ್ಲಿ ಅವರು ಒಬ್ಬ ಅಮೆರಿಕನ್ ಕಲಾವಿದರಿಗೆ ಮುಖ್ಯ ಪಾತ್ರ ಕೊಡಬೇಕು. ಹೆಣ್ಣು ಕೊಟ್ಟು ಹೆಣ್ಣು ತರುವ ಸಂಬಂಧದ ಹಾಗೆ!

ಯಾರ ವೇಷ ಯಾರಿಗೆ?

ಇಲ್ಲಿಯವರೆಗೆ ಹೇಳಿದ್ದು ಅನ್ನದ ಪ್ರಶ್ನೆ. 1990ರಲ್ಲಿ ಅದಕ್ಕಿಂತ ಆಳವಾದ ಪ್ರಶ್ನೆಯೊಂದು ಎದ್ದಿತು. 'ಮಿಸ್ ಸೈಗಾನ್' ವಿಯೆಟ್ನಾಂ ಯುದ್ಧದ ಕೊನೆಯ ದಿನಗಳ ಕಥೆ. ಅಮೆರಿಕದ ಸೈನಿಕನನ್ನು ಪ್ರೀತಿಸುವ ಕಿಮ್ ಎಂಬ ಹುಡುಗಿ, ಅವಳನ್ನು ದುಡಿಸಿಕೊಳ್ಳುವ 'ಎಂಜಿನಿಯರ್' ಎಂಬ ಅಡ್ಡಹೆಸರಿನ ದಲ್ಲಾಳಿ. ಈ ದಲ್ಲಾಳಿ ಅರ್ಧ ಏಷ್ಯಾದವನು, ಅರ್ಧ ಯುರೋಪಿನವನು. 1989ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಈ ಪಾತ್ರ ಮಾಡಿದವರು ಬ್ರಿಟನ್ನಿನ ಬಿಳಿಯ ನಟ ಜೊನಾಥನ್ ಪ್ರೈಸ್. ಆರಂಭದಲ್ಲಿ ಮುಖಕ್ಕೆ ಬಣ್ಣ ಬಳಿದು, ಕಣ್ಣಿಗೆ ಕೃತಕ ರೆಪ್ಪೆ ಅಂಟಿಸಿಕೊಂಡು ಏಷ್ಯಾದವನಂತೆ ಕಾಣಿಸಿಕೊಂಡಿದ್ದರು. ಕಿಮ್ ಪಾತ್ರಕ್ಕೆ ಮಾತ್ರ ದೂರದ ಮನಿಲಾಕ್ಕೆ ಹೋಗಿ ಹುಡುಕಿ, ಹದಿಹರೆಯದ ಲಿಯಾ ಸಲೋಂಗಾ ಅವರನ್ನು ಕರೆತಂದಿದ್ದರು.

ನಾಟಕ ಬ್ರಾಡ್‌ವೇಗೆ ಬರುವ ಸಿದ್ಧತೆಯಾದಾಗ ಅಮೆರಿಕದಲ್ಲಿ ನೆಲೆಸಿದ ಏಷ್ಯಾ ಮೂಲದ ಕಲಾವಿದರು ಪ್ರತಿಭಟಿಸಿದರು. ನಾಟಕಕಾರ ಡೇವಿಡ್ ಹೆನ್ರಿ ಹ್ವಾಂಗ್, ನಟ ಬಿ.ಡಿ. ವಾಂಗ್ ಮುಂಚೂಣಿಯಲ್ಲಿದ್ದರು. ನಮಗೆ ಎಂದೂ ಮುಖ್ಯ ಪಾತ್ರ ಸಿಗುವುದಿಲ್ಲ, ನಮ್ಮವನ ಪಾತ್ರ ಬಂದಾಗಲೂ ಬಿಳಿಯನಿಗೇ ಕಣ್ಣು ಅಂಟಿಸುತ್ತೀರಿ ಎಂಬುದು ಅವರ ಸಿಟ್ಟು. 1990ರ ಆಗಸ್ಟ್‌ನಲ್ಲಿ ಸಂಘ ಪ್ರೈಸ್‌ಗೆ ಅನುಮತಿ ನಿರಾಕರಿಸಿತು. ನಿರ್ಮಾಪಕ ಕ್ಯಾಮರಾನ್ ಮೆಕಿಂಟಾಷ್ ಕೆರಳಿ ಪ್ರದರ್ಶನವನ್ನೇ ರದ್ದು ಮಾಡಿದರು. ಮುಂಗಡ ಟಿಕೆಟ್ ಮಾರಾಟ ಆಗಲೇ ಸುಮಾರು 2.5 ಕೋಟಿ ಡಾಲರ್ ಮುಟ್ಟಿತ್ತು. ನಾಟಕ ನಿಂತರೆ ಏಷ್ಯಾ ಮೂಲದ ಹತ್ತಾರು ನಟರ ಕೆಲಸವೂ ಹೋಗುತ್ತಿತ್ತು. ಎರಡು ವಾರದೊಳಗೆ ಸಂಘ ತನ್ನ ತೀರ್ಮಾನ ಹಿಂತೆಗೆದುಕೊಂಡಿತು. ಸಲೋಂಗಾ ವಿಷಯ ಮಧ್ಯಸ್ಥರ ಬಳಿ ಹೋಗಿ ಆಕೆಯ ಪರವಾಗಿ ಇತ್ಯರ್ಥವಾಯಿತು. 1991ರ ಏಪ್ರಿಲ್‌ನಲ್ಲಿ ತೆರೆ ಎದ್ದಿತು. ಇಬ್ಬರಿಗೂ ಆ ವರ್ಷದ ಟೋನಿ ಪ್ರಶಸ್ತಿ ಬಂತು. ಆದರೆ ಬ್ರಾಡ್‌ವೇಯಲ್ಲಿ ಆ ಕೃತಕ ರೆಪ್ಪೆ ಇರಲಿಲ್ಲ.

ಮೇಲ್ನೋಟಕ್ಕೆ ಪ್ರತಿಭಟಿಸಿದವರು ಸೋತರು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 1989ರ ಲಂಡನ್ ತಂಡದ ಮೇಳದಲ್ಲಿ ಗುಂಪಿನ ನಡುವೆ ನಿಂತು ಹಾಡುತ್ತಿದ್ದ ಫಿಲಿಪೀನ್ಸ್‌ನ ಜಾನ್ ಜಾನ್ ಬ್ರಿಯೊನೆಸ್ ಎಂಬ ಯುವಕನಿದ್ದ. 2014ರಲ್ಲಿ ಲಂಡನ್ನಿನಲ್ಲಿ, 2017ರಲ್ಲಿ ಬ್ರಾಡ್‌ವೇಯಲ್ಲಿ ಅದೇ ನಾಟಕವನ್ನು ಮತ್ತೆ ಕಟ್ಟಿದಾಗ 'ಎಂಜಿನಿಯರ್' ಆದವನು ಅವನೇ. ಮೇಳದಿಂದ ಮುಖ್ಯ ಪಾತ್ರಕ್ಕೆ ಬರಲು ಅವನಿಗೆ ಇಪ್ಪತ್ತೈದು ವರ್ಷ ಹಿಡಿಯಿತು.

ಹಾಗಾದರೆ ಆಯಾ ಜನಾಂಗದವರೇ ಆಯಾ ಪಾತ್ರ ಮಾಡಬೇಕೇ? ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ. 1985ರಲ್ಲಿ ಫ್ರಾನ್ಸಿನ ಅವಿನ್ಯೋಂ ಉತ್ಸವದಲ್ಲಿ ಪೀಟರ್ ಬ್ರೂಕ್ ಒಂಬತ್ತು ಗಂಟೆಯ 'ಮಹಾಭಾರತ' ಆಡಿಸಿದರು. ಭೀಷ್ಮನಾದವರು ಆಫ್ರಿಕಾದ ಸೋಟಿಗಿ ಕುಯಾಟೆ. ಭೀಮನಾದವರು ಸೆನೆಗಲ್ ದೇಶದ ಮಾಮದು ದಿಯೂಮ್. ಮುಖ್ಯ ಪಾತ್ರಗಳಲ್ಲಿ ಭಾರತದಿಂದ ಹೋದವರೆಂದರೆ ದ್ರೌಪದಿಯಾದ ಮಲ್ಲಿಕಾ ಸಾರಾಭಾಯಿ. ನಮ್ಮ ಕಥೆಯನ್ನು ಕಸಿದುಕೊಂಡರು ಎಂದು ಬೈದವರೂ ಇದ್ದರು. ಭೀಮನನ್ನು ಹೊಸ ಕಣ್ಣಿನಿಂದ ಕಂಡೆವು ಎಂದವರೂ ಇದ್ದರು. ನನಗನ್ನಿಸುವುದು ಇಷ್ಟು: ಕರಿಯ ನಟ ಭೀಮನಾಗುವುದಕ್ಕೂ ಬಿಳಿಯ ನಟ ಏಷ್ಯಾದವನಾಗುವುದಕ್ಕೂ ವ್ಯತ್ಯಾಸವಿದೆ. ಬ್ರೂಕ್ ತಂಡದಲ್ಲಿ ಯಾರೂ ತಮ್ಮ ಮುಖವನ್ನು ಮರೆಮಾಚಲಿಲ್ಲ. ಬಾಗಿಲು ಎಲ್ಲರಿಗೂ ತೆರೆದಿತ್ತು. 'ಮಿಸ್ ಸೈಗಾನ್' ಸಂದರ್ಭದಲ್ಲಿ ಬಾಗಿಲು ಒಂದು ಕಡೆಗೆ ಮಾತ್ರ ತೆರೆಯುತ್ತಿತ್ತು. ಜಗಳ ಇದ್ದದ್ದು ಬಣ್ಣದ ಬಗ್ಗೆ ಅಲ್ಲ, ಬಾಗಿಲಿನ ಬಗ್ಗೆ.

ನಮ್ಮವರು ಹೊರಗೆ ಹೋದಾಗ

ಭಾರತದ ಕಥೆಯೂ ಈ ದಾರಿಯಲ್ಲಿ ನಡೆದದ್ದುಂಟು. ಎ.ಆರ್. ರೆಹಮಾನ್ ಸಂಗೀತದ 'ಬಾಂಬೆ ಡ್ರೀಮ್ಸ್' 2002ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಆರಂಭವಾಗಿ ಎರಡು ವರ್ಷ ನಡೆಯಿತು. ಅಲ್ಲಿ ನಾಯಕ ನಾಯಕಿ ರಜಾ ಜಾಫ್ರಿ ಮತ್ತು ಪ್ರಿಯಾ ಕಾಳಿದಾಸ್, ಇಬ್ಬರೂ ಬ್ರಿಟನ್ನಿನವರು. 2004ರಲ್ಲಿ ನ್ಯೂಯಾರ್ಕಿಗೆ ಬಂದಾಗ ಆ ಜಾಗಕ್ಕೆ ಅಮೆರಿಕದಲ್ಲೇ ಬೆಳೆದ ಮನು ನಾರಾಯಣ್ ಮತ್ತು ಅನಿಶಾ ನಾಗರಾಜನ್ ಬಂದರು. ಲಂಡನ್ನಿನಿಂದ ತನ್ನ ಪಾತ್ರದೊಡನೆ ಕಡಲು ದಾಟಿದ ಪ್ರಮುಖ ನಟಿ ಆಯೇಷಾ ಧಾರ್ಕರ್. ಅಮೆರಿಕದವರಿಗೆ ತಿಳಿಯಲೆಂದು ಕಥೆಯನ್ನೂ ತಿದ್ದಿದರು. ಆದರೂ ಅಲ್ಲಿ ಒಂದು ವರ್ಷವೂ ನಡೆಯಲಿಲ್ಲ. ಹಾಗೆಂದು ನಟರು ಬದಲಾದದ್ದೇ ಕಾರಣ ಎನ್ನುವಂತಿಲ್ಲ. ಲಂಡನ್ನಿನಲ್ಲಿ ಹಿಂದಿ ಸಿನಿಮಾ ಬಲ್ಲ ಪ್ರೇಕ್ಷಕರು ಎಷ್ಟೋ ಮಂದಿ. ಪ್ರೇಕ್ಷಕರನ್ನು ಮಾತ್ರ ಪೆಟ್ಟಿಗೆಯಲ್ಲಿ ಹಾಕಿ ಕಳಿಸಲಾಗದು.

ಕನ್ನಡ ನಾಟಕ ಹೊರಗೆ ಹೋದ ಬಗೆ ಇನ್ನೂ ಕುತೂಹಲದ್ದು. ಗಿರೀಶ ಕಾರ್ನಾಡರ 'ಹಯವದನ' ನೀವೆಲ್ಲ ಬಲ್ಲ ನಾಟಕ. ಬಿ.ವಿ. ಕಾರಂತರು ಅದಕ್ಕೆ ಹಾಕಿದ ಸಂಗೀತ ಕನ್ನಡ ರಂಗಭೂಮಿಯ ಒಂದು ಆಸ್ತಿ. ಆಗಿನ ಪೂರ್ವ ಜರ್ಮನಿಯ ವೈಮಾರ್ ನಗರದ ರಾಷ್ಟ್ರೀಯ ರಂಗಮಂದಿರದಲ್ಲಿ ಮರಾಠಿಯ ವಿಜಯಾ ಮೆಹ್ತಾ ಜರ್ಮನ್ ನಟರಿಂದಲೇ ಅದನ್ನು ಆಡಿಸಿದರು. ಕನ್ನಡದ ನಾಟಕ, ಮರಾಠಿ ನಿರ್ದೇಶಕಿ, ಜರ್ಮನ್ ನಟರು. 'ನಾಗಮಂಡಲ' 1993ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಗಥ್ರಿ ರಂಗಮಂದಿರದ ಮೂವತ್ತನೆಯ ವರ್ಷದ ಅಂಗವಾಗಿ ಗಾರ್ಲೆಂಡ್ ರೈಟ್ ನಿರ್ದೇಶನದಲ್ಲಿ ಇಂಗ್ಲಿಷಿನಲ್ಲಿ ರಂಗಕ್ಕೆ ಬಂತು. ಎ.ಕೆ. ರಾಮಾನುಜನ್ ಅವರಿಂದ ಕಾರ್ನಾಡರು ಕೇಳಿದ ನಮ್ಮ ಅಜ್ಜಿಯರ ಕಥೆ, ಮಿನಿಯಾಪೊಲಿಸ್‌ನ ನಟರ ಬಾಯಲ್ಲಿ. ಆ ರಂಗಮಂದಿರ ಅಷ್ಟಕ್ಕೆ ಬಿಡಲಿಲ್ಲ. ಅವರ ಕೋರಿಕೆಯ ಮೇಲೆ ಕಾರ್ನಾಡರು 'ಅಗ್ನಿ ಮತ್ತು ಮಳೆ' ಬರೆದರು. ಹೊರಗೆ ಹೋದ ನಾಟಕ ವಾಪಸು ಬರುವಾಗ ಇನ್ನೊಂದು ನಾಟಕವನ್ನು ಕೈಹಿಡಿದು ಕರೆತಂದಿತು.

'ಹಯವದನ'ದಲ್ಲೇ ಇಂಥದೊಂದು ಪ್ರಶ್ನೆ ಇದೆ ಎಂಬುದನ್ನು ಗಮನಿಸಿ. ಪದ್ಮಿನಿ ದೇವದತ್ತನ ತಲೆಯನ್ನು ಕಪಿಲನ ಮೈಗೆ, ಕಪಿಲನ ತಲೆಯನ್ನು ದೇವದತ್ತನ ಮೈಗೆ ಅದಲುಬದಲು ಇಡುತ್ತಾಳೆ. ಈಗ ಗಂಡ ಯಾರು? ತಲೆ ಇದ್ದವನೇ ಎಂದು ತೀರ್ಪಾಗುತ್ತದೆ. ಆದರೆ ಮೈ ಸುಮ್ಮನಿರುವುದಿಲ್ಲ, ಅದಕ್ಕೂ ತನ್ನ ನೆನಪುಗಳಿವೆ. ಕಡಲು ದಾಟುವ ನಾಟಕದ ಗತಿಯೂ ಹೀಗೆಯೇ. ಮಾತು, ಸಂಗೀತ ಎಂಬ ತಲೆ ಹಳೆಯದು. ನಟ ಎಂಬ ಮೈ ಹೊಸದು. ಆ ಹೊಸ ಮೈ ತನ್ನ ನೆನಪನ್ನು ತಂದೇ ತರುತ್ತದೆ.

ಯಕ್ಷಗಾನದ ದಾರಿ ಬೇರೆ. ಕೆರೆಮನೆ ಶಂಭು ಹೆಗಡೆಯವರ ಇಡಗುಂಜಿ ಮೇಳ ಹಲವು ದೇಶಗಳಿಗೆ ಹೋಗಿಬಂದಿದೆ. ಹೋದವರು ಮೇಳದ ಕಲಾವಿದರೇ. ಭಾಗವತರ ಹಾಡು, ಚೆಂಡೆ, ಮದ್ದಳೆ, ಹೆಜ್ಜೆ ಇವೆಲ್ಲ ವರ್ಷಗಟ್ಟಲೆ ಮೈಗೂಡಿಸಿಕೊಂಡ ವಿದ್ಯೆ. ಅದನ್ನು ಅಲ್ಲಿ ಹೊಸಬರಿಗೆ ಆರು ವಾರದಲ್ಲಿ ಕಲಿಸಲಾಗದು. ಯಾವ ಕಲೆಯಲ್ಲಿ ವಿದ್ಯೆ ಕಾಗದದ ಮೇಲಿದೆಯೋ ಅಲ್ಲಿ ನಟ ದಡದಲ್ಲೇ ಉಳಿಯಬಹುದು. ವಿದ್ಯೆ ಮೈಯಲ್ಲಿದ್ದರೆ ನಟನೇ ವಿಮಾನ ಹತ್ತಬೇಕು.

ತೆವ್ಯೆ ಕನ್ನಡಕ್ಕೆ ಬಂದಾಗ

ಹಾಲು ಮಾರುವ ತೆವ್ಯೆಯನ್ನು ಟೋಕಿಯೊದಲ್ಲಿ ಬಿಟ್ಟು ಬಂದಿದ್ದೆವು. ಅವನು ಕನ್ನಡಕ್ಕೂ ಬಂದಿದ್ದಾನೆ. ಜಯಂತ ಕಾಯ್ಕಿಣಿಯವರು 'ಫಿಡ್ಲರ್ ಆನ್ ದಿ ರೂಫ್' ನಾಟಕವನ್ನು 'ಜೊತೆಗಿರುವನು ಚಂದಿರ' ಎಂಬ ಹೆಸರಿನಲ್ಲಿ ರೂಪಾಂತರಿಸಿದರು. ಇಲ್ಲಿ ನಟ ಮಾತ್ರವಲ್ಲ, ಪಾತ್ರವೇ ಬದಲಾಯಿತು. ರಷ್ಯಾದ ಯಹೂದಿ ಕುಟುಂಬ ದೇಶ ವಿಭಜನೆಯ ಕಾಲದ ಮುಸ್ಲಿಂ ಕುಟುಂಬವಾಯಿತು. ಹೆಣ್ಣುಮಕ್ಕಳ ಮದುವೆಯ ಚಿಂತೆ ಹಾಗೆಯೇ ಉಳಿಯಿತು, ಊರು ಬಿಡುವ ಸಂಕಟವೂ ಉಳಿಯಿತು.

2022ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಆನವಟ್ಟಿಯಲ್ಲಿ ಈ ನಾಟಕ ನಡೆಯುತ್ತಿದ್ದಾಗ ಸಂಘಟನೆಯೊಂದರ ಕಾರ್ಯಕರ್ತರು ಬಂದು ಆಕ್ಷೇಪಿಸಿದರು. ಪ್ರದರ್ಶನ ಅರ್ಧಕ್ಕೇ ನಿಂತಿತು. ರಂಗದ ಮೇಲೆ ಇದ್ದ ಕುಟುಂಬ ಯಾವ ಧರ್ಮದ್ದು ಎಂಬುದೇ ಆಕ್ಷೇಪಕ್ಕೆ ಕಾರಣವಾಗಿತ್ತು. ನ್ಯೂಯಾರ್ಕಿನಲ್ಲಿ ಕೇಳಿದ ಪ್ರಶ್ನೆ ಈ ಪಾತ್ರವನ್ನು ಯಾರು ಮಾಡಬೇಕು ಎಂದು. ಆನವಟ್ಟಿಯಲ್ಲಿ ಎದ್ದ ಪ್ರಶ್ನೆ ಇಂಥ ಪಾತ್ರ ರಂಗದ ಮೇಲೆ ಇರಬೇಕೇ ಎಂದು. ಎರಡನೆಯದು ಕಲೆಯ ಬೇರಿಗೇ ಬೀಳುವ ಕೊಡಲಿ. ಬೇರೆಯವರ ಸಂಕಟವನ್ನು ನಮ್ಮ ಮೈಮೇಲೆ ತಂದುಕೊಂಡು ನೋಡುವುದಕ್ಕಲ್ಲವೇ ಮನುಷ್ಯ ವೇಷ ಕಟ್ಟಿದ್ದು?

ನಮ್ಮ ದ್ರೌಪದಿ ಯಾರು?

ಇನ್ನು ನಮ್ಮ ಚಪ್ಪರಕ್ಕೆ ಬರೋಣ. ನಮ್ಮ ಪೌರಾಣಿಕ ನಾಟಕಗಳಲ್ಲಿ ಊರಿಂದ ಊರಿಗೆ ಹೋಗುವವರು ಮೇಷ್ಟ್ರು ಎಂದೆ. ಇನ್ನೊಬ್ಬರಿದ್ದಾರೆ, ಸ್ತ್ರೀ ಪಾತ್ರಧಾರಿಗಳು. ದ್ರೌಪದಿ, ಕುಂತಿ, ಭಾನುಮತಿ, ಉತ್ತರೆ ಇವರೆಲ್ಲ ಬೆಂಗಳೂರಿನಿಂದಲೋ ಮಂಡ್ಯದಿಂದಲೋ ಬರುವ ವೃತ್ತಿ ಕಲಾವಿದೆಯರು. ಗಂಡಸರ ತಾಲೀಮು ತಿಂಗಳುಗಟ್ಟಲೆ ನಡೆಯುತ್ತದೆ. ಆಕೆ ಬರುವುದು ಬಹುಪಾಲು ನಾಟಕದ ದಿನ, ಹೆಚ್ಚೆಂದರೆ ಅದಕ್ಕೂ ಮುಂಚೆ ಒಂದು ದಿನ. ದುರ್ಯೋಧನ ಯಾರೆಂದು ಗೊತ್ತಿಲ್ಲ, ಭೀಮ ಯಾವ ಶ್ರುತಿಯಲ್ಲಿ ಹಾಡುತ್ತಾನೆಂದು ಗೊತ್ತಿಲ್ಲ. ರಾತ್ರಿ ಬಣ್ಣ ಹಚ್ಚಿ ಬೆಳಗಿನ ಜಾವದವರೆಗೆ ಹಾಡಿ, ಮಾತು ಮರೆತ ಕೃಷ್ಣನಿಗೆ ಮೆಲ್ಲಗೆ ಎತ್ತಿಕೊಟ್ಟು, ಬೆಳಗಾಗುತ್ತಲೇ ಬಸ್ಸು ಹಿಡಿಯುತ್ತಾಳೆ. ನಾಳೆ ಇನ್ನೊಂದು ಊರು, ಇನ್ನೈದು ಮಂದಿ ಹೊಸ ಪಾಂಡವರು.

ಬ್ರಾಡ್‌ವೇಯಲ್ಲಿ ಇಂಥ ಕೆಲಸಕ್ಕೆ ಒಂದು ಸ್ಥಾನವಿದೆ. ಯಾವ ದಿನ ಯಾರು ಬಾರದಿದ್ದರೂ ಆ ಜಾಗದಲ್ಲಿ ನಿಂತು ನಾಟಕ ನಡೆಸುವ ಕಲಾವಿದರನ್ನು ಅಲ್ಲಿ 'ಸ್ವಿಂಗ್' ಎನ್ನುತ್ತಾರೆ. ಅವರಿಗೆ ಸಂಘದ ರಕ್ಷಣೆ ಇದೆ, ಗೊತ್ತುಪಡಿಸಿದ ಸಂಬಳ ಇದೆ, ತಾಲೀಮಿನ ಹಕ್ಕು ಇದೆ. ನಮ್ಮ ದ್ರೌಪದಿಗೆ ಇರುವುದು ಅವಳ ನೆನಪಿನ ಶಕ್ತಿ ಮತ್ತು ಮೇಷ್ಟ್ರ ಕಣ್ಸನ್ನೆ ಮಾತ್ರ.

ಒಂದು ಕಾಲದಲ್ಲಿ ವೃತ್ತಿ ರಂಗಭೂಮಿಯಲ್ಲಿ ಸ್ತ್ರೀ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. 'ಕುರುಕ್ಷೇತ್ರ'ವನ್ನು ಆನೆ ಕುದುರೆ ಸಮೇತ ರಂಗಕ್ಕೆ ತಂದ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಿ. ಜಯಮ್ಮ, ಸುಂದರಮ್ಮನಂಥ ನಟಿಯರು ಹೆಸರಾದ ಮೇಲೆ ಜನರ ಕಣ್ಣು ಒಗ್ಗಿತು. ಪಾತ್ರ ಹಂಚಿಕೆಯಲ್ಲಿ ನಮ್ಮ ನಾಡು ಕಂಡ ದೊಡ್ಡ ಬದಲಾವಣೆ ಅದು. ಆದರೆ ಹಳ್ಳಿಯ ನಾಟಕದಲ್ಲಿ ಆ ಬದಲಾವಣೆ ಅರ್ಧ ದಾರಿಗೆ ನಿಂತಿದೆ. ಹೆಂಗಸು ರಂಗಕ್ಕೆ ಬರಬಹುದು, ಆದರೆ ಅವಳು ಬೇರೆ ಊರಿನವಳಾಗಿರಬೇಕು. ನಮ್ಮ ಮನೆಯ ಮಗ ಅರ್ಜುನನಾದರೆ ಊಟ ಹಾಕಿಸುತ್ತೇವೆ, ಹಾರ ಹಾಕುತ್ತೇವೆ. ನಮ್ಮ ಮನೆಯ ಮಗಳು ಉತ್ತರೆಯಾಗುತ್ತೇನೆ ಎಂದರೆ ಏನೆನ್ನುತ್ತೇವೆ? ಇಲ್ಲಿಯೂ ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ.

ಹೊರಗಿನ ಕಲಾವಿದೆಯರ ಅನ್ನ ಕಸಿಯಿರಿ ಎಂದು ನಾನು ಹೇಳುತ್ತಿಲ್ಲ. ಈಕ್ವಿಟಿ ಸಂಘದ ವಾದದಲ್ಲಿ ಹುರುಳಿರುವುದು ಅಲ್ಲಿಯೇ. ಈ ವಿದ್ಯೆಯನ್ನು ನಂಬಿ ಬದುಕುವವರ ಪಾಲು ಮೊದಲು ಭದ್ರವಾಗಬೇಕು. ನಾನು ಕೇಳುವುದು ಸಣ್ಣ ಮಾತು. ಮುಂದಿನ ಸಲ ಪಾತ್ರ ಹಂಚುವ ದಿನ ಹಣದ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಿ: ಸ್ತ್ರೀ ಪಾತ್ರಧಾರಿಗಳಿಗೆ ಎರಡು ದಿನದ ತಾಲೀಮಿನ ಸಂಭಾವನೆ, ಉಳಿಯಲು ಒಂದು ಒಳ್ಳೆಯ ಮನೆ. ದುರ್ಯೋಧನನಾಗಲು ಅಷ್ಟು ಹಣ ಕೊಡುವ ಯಜಮಾನರಿಗೆ ಇದು ಭಾರವಲ್ಲ. ಆ ಎರಡು ದಿನ ಊರಿನ ಹೆಣ್ಣುಮಕ್ಕಳು ಬಂದು ಪಕ್ಕದಲ್ಲಿ ಕುಳಿತು ಕೇಳಲಿ. ಹತ್ತೂರು ಕಂಡ ದ್ರೌಪದಿಗಿಂತ ಒಳ್ಳೆಯ ಗುರು ಅವರಿಗೆ ಎಲ್ಲಿ ಸಿಗುತ್ತಾಳೆ? ಕಲಿತವರ ಪೈಕಿ ಒಬ್ಬಳು ಸಖಿಯ ಪಾತ್ರಕ್ಕಾದರೂ ಬಣ್ಣ ಹಚ್ಚಲಿ.

ಮೇಳದಲ್ಲಿ ನಿಂತವನು ಮುಖ್ಯ ಪಾತ್ರಕ್ಕೆ ಬರಲು ಲಂಡನ್ನಿನಲ್ಲಿ ಇಪ್ಪತ್ತೈದು ವರ್ಷ ಬೇಕಾಯಿತು. ನಮ್ಮಲ್ಲಿ ಅಷ್ಟು ಕಾಯಬೇಕಾಗಿಲ್ಲ. ಮುಂದಿನ ಹಬ್ಬಕ್ಕೆ ಯಾವ ನಾಟಕ ಎಂದು ನೀವು ಇನ್ನೂ ತೀರ್ಮಾನಿಸಿಲ್ಲ ಎಂದು ಕೇಳಿದೆ. ತೀರ್ಮಾನಿಸುವಾಗ ಈ ಮಾತನ್ನೂ ಮೇಷ್ಟ್ರ ಮುಂದೆ ಇಡಿ ಎಂದು ಕೇಳಿಕೊಂಡು ಮುಗಿಸುತ್ತೇನೆ.